ಈಜುವವಳ ಬೆನ್ನಿಗೆ ಸೆನ್ಸರ್ ಇರಲಿ, ನಮ್ಮ ಕುತ್ತಿಗೆಗೆ ಬೇಡ

– ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ

ಕಳೆದ ತಿಂಗಳು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದ ಸುತ್ತೋಲೆಯನ್ನು ಎಲ್ಲರೂ ಓದಿರುತ್ತೀರಿ. ನಮ್ಮ ಕಾಲೇಜನ್ನು ‘ಸ್ಮಾರ್ಟ್ ಕ್ಯಾಂಪಸ್’ ಮಾಡುವ ಯೋಚನೆ ಆಡಳಿತ ಮಂಡಳಿಗೆ ಇದೆಯಂತೆ. ವಿದ್ಯಾರ್ಥಿಗಳೂ ಉಪನ್ಯಾಸಕರೂ ಅಭಿಪ್ರಾಯ ಬರೆದು ಕೊಡಬಹುದು ಎಂದು ಅದರಲ್ಲಿದೆ. ಮಾಡಬೇಕೆಂದಿರುವ ಕೆಲಸಗಳು ಮೂರು. ತರಗತಿಯಲ್ಲಿ, ಗ್ರಂಥಾಲಯದಲ್ಲಿ ಜನ ಇದ್ದರೆ ತಾನಾಗಿ ಹತ್ತುವ, ಇಲ್ಲದಿದ್ದರೆ ಆರುವ ದೀಪ ಮತ್ತು ಫ್ಯಾನ್ ಒಂದು. ಗುರುತಿನ ಚೀಟಿಯೊಳಗೆ ಚಿಪ್ ಇಟ್ಟು, ಯಾರು ಯಾವ ಕೋಣೆಯಲ್ಲಿ ಎಷ್ಟು ಹೊತ್ತು ಇದ್ದರು ಎಂದು ಆಫೀಸಿನ ಕಂಪ್ಯೂಟರಿನಲ್ಲಿ ದಾಖಲಿಸಿ, ಅದರ ಮೇಲೆ ಒಬ್ಬೊಬ್ಬರಿಗೂ ತಕ್ಕ ಓದುವ ಜಾಗ, ಸಮಯ ಹೊಂದಿಸಿಕೊಡುವುದು ಎರಡನೆಯದು. ಮೂರನೆಯದು, ಕ್ರೀಡಾ ವಿಭಾಗಕ್ಕೆ ನಾಲ್ಕು ಈಜು ಸೆನ್ಸರ್.

ಮೂರನೆಯದನ್ನು ಓದಿ ನಮ್ಮ ಕ್ಲಾಸಿನಲ್ಲಿ ನಕ್ಕವರೇ ಹೆಚ್ಚು. ಕಾಲೇಜಿನಲ್ಲಿ ಈಜುಕೊಳವೇ ಇಲ್ಲ, ಸೆನ್ಸರನ್ನು ಬಕೆಟ್ಟಿನಲ್ಲಿ ಮುಳುಗಿಸುವುದಾ ಎಂದು ಹಿಂದಿನ ಬೆಂಚಿನಿಂದ ಮಾತು ಬಂತು. ಎರಡನೆಯದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದೇ ಒಳ್ಳೆಯದು, ಹಾಜರಿ ಕೂಗುವ ಹತ್ತು ನಿಮಿಷ ಉಳಿಯುತ್ತದೆ ಎಂದು ಒಂದಿಬ್ಬರು ಹೇಳಿದರು ಅಷ್ಟೆ.

ನನ್ನ ಅಭಿಪ್ರಾಯ ಪೂರ್ತಿ ಉಲ್ಟಾ. ಮೊದಲು ಕೊಳ್ಳಬೇಕಾದದ್ದು ಮೂರನೆಯದು, ಕೊಳ್ಳಲೇಬಾರದ್ದು ಎರಡನೆಯದು. ಏಕೆ ಎಂದು ಹೇಳಲು ನಾನು ಈಜು ಕಲಿತ ಕತೆಯಿಂದಲೇ ಶುರು ಮಾಡಬೇಕು.

ನಾವು ಕರಾವಳಿಯವರು. ನನ್ನ ಅಜ್ಜ ನೇತ್ರಾವತಿಯಲ್ಲಿ ಈಜು ಕಲಿತದ್ದು ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು. ಮಾವಂದಿರೆಲ್ಲ ಹಾಗೆಯೇ ಕಲಿತರು. ಉಮ್ಮ ಕಲಿಯಲಿಲ್ಲ, ದೊಡ್ಡಮ್ಮ ಕಲಿಯಲಿಲ್ಲ. ಹುಡುಗಿಯರು ನೀರಿಗಿಳಿಯುವ ಜಾಗವೇ ಇರಲಿಲ್ಲ. ಮೊನ್ನೆ ನಮ್ಮ ಸೆಕ್ಷನ್ನಿನ ಹುಡುಗಿಯರನ್ನು ಈಜು ಬರುವವರು ಕೈ ಎತ್ತಿ ಎಂದೆ. ಎದ್ದ ಕೈಗಳನ್ನು ಎಣಿಸಲು ಒಂದು ಕೈಯ ಬೆರಳೇ ಸಾಕಾಯಿತು. ಕಿಟಕಿಯಿಂದ ಗಾಳಿ ಬಂದರೆ ಉಪ್ಪಿನ ವಾಸನೆ ಬರುವ ಊರಿನಲ್ಲಿ ನಮ್ಮ ಪರಿಸ್ಥಿತಿ ಇದು. ಮಳೆಗಾಲದಲ್ಲಿ ಪೇಪರಿನಲ್ಲಿ ಬರುವ ಸುದ್ದಿಗಳನ್ನು ನಾನು ಮತ್ತೆ ನೆನಪಿಸಬೇಕಾಗಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಊರಿನ ಒಂದು ಈಜುಕೊಳದಲ್ಲಿ ಹೆಂಗಸರಿಗೆ ಮಾತ್ರ ಎಂದು ಬೆಳಿಗ್ಗೆ ಒಂದು ಗಂಟೆ ಇಟ್ಟರು. ಉಮ್ಮನನ್ನು ಒಪ್ಪಿಸಿ ನಾನೂ ಹೋದೆ. ಕಲಿಸುವ ಮೇಡಂ ಒಬ್ಬರೇ, ನೀರಿನಲ್ಲಿ ನಾವು ಇಪ್ಪತ್ತಕ್ಕೂ ಹೆಚ್ಚು ಮಂದಿ. ಒಬ್ಬಳ ಕಾಲು ನೋಡುವಷ್ಟರಲ್ಲಿ ಇನ್ನೊಬ್ಬಳು ಕೆಮ್ಮುತ್ತಿರುತ್ತಾಳೆ. ಎರಡನೇ ವಾರದಲ್ಲಿ ಮೇಡಂಗೆ ಒಂದು ಉಪಾಯ ಹೊಳೆಯಿತು. ‘ಎಲ್ಲರದೂ ಒಂದೊಂದು ವಿಡಿಯೊ ತೆಗೆಯುತ್ತೇನೆ, ಮನೆಯಲ್ಲಿ ನೋಡಿಕೊಂಡರೆ ತಪ್ಪು ಗೊತ್ತಾಗುತ್ತದೆ’ ಎಂದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಫೋನ್ ಹೊರಗೆ ಬಂದ ಕ್ಷಣ ಮೂವರು ನೀರಿನಿಂದ ಎದ್ದು ಟವೆಲ್ ಹೊದ್ದು ಕುಳಿತರು. ಮರುದಿನ ಅವರಲ್ಲಿ ಇಬ್ಬರು ಬರಲಿಲ್ಲ. ಆಮೇಲೂ ಬರಲಿಲ್ಲ. ಒಂದು ಫೋನಿನಲ್ಲಿದ್ದ ವಿಡಿಯೊ ನಾಳೆ ಎಷ್ಟು ಫೋನಿನಲ್ಲಿ ಇರುತ್ತದೆ ಎಂದು ಯಾರೂ ಹೇಳಲಾರರು. ಆ ಹುಡುಗಿಯರನ್ನು ಅತಿಯಾಗಿ ಅಂಜುವವರು ಎಂದು ನಾನು ಕರೆಯಲಾರೆ.

ಆಗ ಸಹಾಯಕ್ಕೆ ಬಂದದ್ದು ಎಂಜಿನಿಯರಿಂಗ್ ಓದುವ ನನ್ನ ದೊಡ್ಡಮ್ಮನ ಮಗಳು. ಅವಳ ಪ್ರಾಜೆಕ್ಟ್ ಈಜುಗಾರರ ಚಲನೆ ಅಳೆಯುವ ಒಂದು ಸೆನ್ಸರ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ನೀರು ಹೋಗದ ಡಬ್ಬಿಯೊಳಗೆ. ಬಟ್ಟೆಯ ಮೇಲೆ ಬೆನ್ನಿನ ಕೆಳಭಾಗಕ್ಕೆ ಬೆಲ್ಟಿನಿಂದ ಕಟ್ಟಿಕೊಳ್ಳಬೇಕು. ಜೊತೆಗೆ ಅವಳ ಕ್ರೀಡಾ ಗಡಿಯಾರವನ್ನೂ ಕೊಟ್ಟಳು.

ಒಳಗಿರುವುದು ನಮ್ಮ ಫಿಸಿಕ್ಸ್ ಪುಸ್ತಕದ್ದೇ. ವೇಗೋತ್ಕರ್ಷ ಅಳೆಯುವ ಆಕ್ಸೆಲರೋಮೀಟರ್ ಒಂದು, ತಿರುಗುವ ವೇಗ ಅಳೆಯುವ ಜೈರೋಸ್ಕೋಪ್ ಒಂದು. ಎರಡೂ ಸಿಲಿಕಾನಿನಲ್ಲಿ ಕೆತ್ತಿದ, ಕಣ್ಣಿಗೆ ಕಾಣದಷ್ಟು ಸಣ್ಣ ರಚನೆಗಳು. ನಿಮ್ಮ ಫೋನನ್ನು ಅಡ್ಡ ಹಿಡಿದಾಗ ಚಿತ್ರ ತಿರುಗುವುದು ಇದೇ ತರದ ಸೆನ್ಸರಿನಿಂದ. ಎಂಪಿಯು-6050 ಎಂಬ ಚಿಪ್ಪಿನಲ್ಲಿ ಎರಡೂ ಇವೆ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಂದರೆ ನಾವು ಮಾತಾಡುತ್ತಿರುವುದು ಒಲಿಂಪಿಕ್ ತಂಡಗಳಿಗೆ ಮಾತ್ರ ಎಟಕುವ ಯಂತ್ರದ ಬಗ್ಗೆ ಅಲ್ಲ.

ಇದಕ್ಕೊಂದು ಹಳೆಯ ಕತೆ ಇದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕೌನ್ಸಿಲ್‌ಮನ್ ಎಂಬ ಈಜು ತರಬೇತುದಾರರಿದ್ದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್ ಅವರ ಶಿಷ್ಯ. ಕೌನ್ಸಿಲ್‌ಮನ್ ಈಜುಗಾರರ ಕೈಗೆ ಸಣ್ಣ ದೀಪ ಕಟ್ಟಿ, ಕತ್ತಲೆಯಲ್ಲಿ ನೀರಿನೊಳಗಿಂದ ಫೋಟೊ ತೆಗೆದರು. ಕೈ ನೇರವಾಗಿ ಹಿಂದಕ್ಕೆ ಹೋಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಬೆಳಕಿನ ಗೆರೆ ನೋಡಿದರೆ ಬಾಗಿ ಬಾಗಿ ಹೋಗುತ್ತಿತ್ತು. ಈಜುವವರಿಗೆ ತಾವು ಏನು ಮಾಡುತ್ತಿದ್ದೇವೆ ಎಂಬುದು ನೀರಿನೊಳಗೆ ತಿಳಿಯುವುದಿಲ್ಲ, ಕಲಿಸುವವರಿಗೂ ದಡದಿಂದ ಪೂರ್ತಿ ಕಾಣುವುದಿಲ್ಲ. ಅಂದು ದೀಪ ಮಾಡಿದ ಕೆಲಸವನ್ನು ಇಂದು ಈ ಚಿಪ್ ಮಾಡುತ್ತದೆ. ಅದಕ್ಕೆ ಕ್ಯಾಮೆರಾ ಬೇಕಿಲ್ಲ.

ನನ್ನ ಮೊದಲ ದಿನದ ಲೆಕ್ಕ ಹೀಗಿತ್ತು. 25 ಮೀಟರ್ ಹೋಗಲು 48 ಸೆಕೆಂಡ್, ಗಡಿಯಾರ ಎಣಿಸಿದ ಸ್ಟ್ರೋಕ್ 17. ಗಡಿಯಾರ ಇರುವುದು ಒಂದೇ ಕೈಗೆ ಆದ್ದರಿಂದ ನಿಜವಾಗಿ ನಾನು ಹೊಡೆದದ್ದು 34. ಸೆಕೆಂಡ್ ಮತ್ತು ಸ್ಟ್ರೋಕ್ ಎರಡನ್ನೂ ಕೂಡಿಸಿ ‘ಸ್ವೋಲ್ಫ್’ ಎಂಬ ಒಂದು ಅಂಕಿ ಕೊಡುತ್ತದೆ. ನನ್ನದು 65. ಗಾಲ್ಫ್ ಆಟದಂತೆ ಇದರಲ್ಲೂ ಕಡಿಮೆ ಬಂದಷ್ಟೂ ಒಳ್ಳೆಯದು. ಬೆನ್ನಿನ ಸೆನ್ಸರ್ ಇನ್ನೊಂದು ವಿಷಯ ಹೇಳಿತು. ಈಜುವಾಗ ನನ್ನ ಮೈ ಬಲಕ್ಕೆ ಸುಮಾರು 50 ಡಿಗ್ರಿ ಹೊರಳುತ್ತಿತ್ತು, ಎಡಕ್ಕೆ ಬರೀ 20. ಮುಂದೆ ನೋಡಲು ತಲೆ ಎತ್ತಿದಾಗಲೆಲ್ಲ ಸೊಂಟ ಕೆಳಗೆ ಇಳಿಯುತ್ತಿತ್ತು.

ಅಂಕಿಗಳು ನನ್ನ ಕೈಯಲ್ಲಿದ್ದವು, ಏನು ಮಾಡಬೇಕು ಎಂದು ಗೊತ್ತಿರಲಿಲ್ಲ. ಫೋನಿನ ಗ್ರಾಫನ್ನು ಮೇಡಂಗೆ ತೋರಿಸಿದೆ. ಅವರು ಅರ್ಧ ನಿಮಿಷ ನೋಡಿ ಎರಡೇ ಮಾತು ಹೇಳಿದರು: ‘ಉಸಿರಿಗೆ ಬಲಗಡೆ ಮಾತ್ರ ತಿರುಗುತ್ತೀ, ಮೂರು ಸ್ಟ್ರೋಕಿಗೊಮ್ಮೆ ಬದಲಿಸಿ ತಿರುಗು. ಮುಂದೆ ನೋಡಬೇಡ, ಕೊಳದ ನೆಲ ನೋಡು.’ ಹತ್ತು ದಿನದಲ್ಲಿ 17 ಇದ್ದದ್ದು 14ಕ್ಕೆ ಬಂತು, ಸಮಯ 43 ಸೆಕೆಂಡಿಗೆ ಇಳಿಯಿತು. ಕಡಿಮೆ ಸಲ ಕೈ ಬೀಸಿ ಬೇಗ ಹೋಗುವುದು ಎಂದರೆ ನೀರಿನ ತಡೆ ಕಡಿಮೆಯಾಗಿದೆ ಎಂದರ್ಥ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು ಹೆಚ್ಚು, ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳೇ. ಸೊಂಟ ಎರಡು ಇಂಚು ಮೇಲೆ ಬಂದಾಗ ನೀರು ಬಿಟ್ಟುಕೊಟ್ಟ ಹಾಗೆ ಅನಿಸಿದ್ದು ಮಾತ್ರ ಅದೇ ಮೊದಲು.

ಯಂತ್ರವೇ ಕಲಿಸಿತು ಎಂದು ನಾನು ಹೇಳುತ್ತಿಲ್ಲ. ಮೇಡಂ ಇಲ್ಲದಿದ್ದರೆ ಆ ಗ್ರಾಫ್ ನನಗೆ ಬರೀ ಗೆರೆ. ಇಪ್ಪತ್ತು ಜನರಲ್ಲಿ ನನ್ನ ಪಾಲಿಗೆ ಸಿಗುತ್ತಿದ್ದ ಎರಡು ನಿಮಿಷವನ್ನು ಅದು ಉಪಯೋಗಕ್ಕೆ ತಂದುಕೊಟ್ಟಿತು, ಅಷ್ಟೆ. ಸೆನ್ಸರ್ ತಪ್ಪೂ ಮಾಡುತ್ತದೆ. ಒಮ್ಮೆ 50 ಮೀಟರಿನ ಕೊಳಕ್ಕೆ ಹೋದಾಗ ಗಡಿಯಾರದಲ್ಲಿ 25 ಎಂದೇ ಇತ್ತು. ಅದು ನನ್ನ ದೂರವನ್ನು ಅರ್ಧಕ್ಕೆ ಇಳಿಸಿ, ಇವತ್ತು ನೀನು ಬಹಳ ನಿಧಾನ ಎಂದಿತು. ಆಕ್ಸೆಲರೋಮೀಟರಿನಿಂದಲೇ ದೂರ ಲೆಕ್ಕ ಹಾಕಬಾರದೇ ಎಂದು ಕೇಳುವವರು ಒಂದು ಲೆಕ್ಕ ಮಾಡಿ ನೋಡಿ. ಸೆನ್ಸರಿನಲ್ಲಿ ಸೆಕೆಂಡ್ ವರ್ಗಕ್ಕೆ 0.01 ಮೀಟರಿನಷ್ಟು ತಪ್ಪು ಇದ್ದರೆ ಒಂದು ನಿಮಿಷದಲ್ಲಿ ಅದು ಅರ್ಧ ಗುಣಿಸು 0.01 ಗುಣಿಸು 3600, ಅಂದರೆ 18 ಮೀಟರ್ ಆಗುತ್ತದೆ. ಮುಕ್ಕಾಲು ಕೊಳ! ಅದಕ್ಕೇ ಗಡಿಯಾರಗಳು ಗೋಡೆ ಒದ್ದು ತಿರುಗುವ ಆ ಒಂದು ಜೋರು ತಳ್ಳುವಿಕೆಯನ್ನು ಗುರುತಿಸಿ ಸುತ್ತು ಎಣಿಸುತ್ತವೆ.

ಇನ್ನೊಂದು ತಪ್ಪು ಇದಕ್ಕಿಂತ ಮುಖ್ಯ. ನಮ್ಮಲ್ಲಿ ಅನೇಕರು ಮೈ ಪೂರ್ತಿ ಮುಚ್ಚುವ ಈಜುಡುಗೆ ಹಾಕುತ್ತೇವೆ. ಬಟ್ಟೆ ಹೆಚ್ಚಾದಷ್ಟು ನೀರಿನ ತಡೆ ಹೆಚ್ಚು, ಸ್ಟ್ರೋಕ್ ಹೆಚ್ಚು. ಸ್ಪರ್ಧೆಯ ಬಿಗಿ ಉಡುಪಿನವರ ಅಂಕಿಯ ಜೊತೆ ನಮ್ಮದನ್ನು ಹೋಲಿಸಿ ‘ಸರಾಸರಿಗಿಂತ ಕೆಳಗೆ’ ಎಂದು ತೋರಿಸುವ ಆ್ಯಪ್ ನಮಗೆ ಉಪಯೋಗವಿಲ್ಲ. ಕುಳ್ಳಗಿರುವವರಿಗೂ ಇದೇ ಮಾತು. ಹೋಲಿಕೆ ನನ್ನ ನಿನ್ನೆಯ ಅಂಕಿಯ ಜೊತೆ ಇರಬೇಕು. ಸೆನ್ಸರ್ ಕೊಳ್ಳುವವರು ಇದನ್ನು ಅಂಗಡಿಯವರಲ್ಲಿ ಕೇಳಲೇಬೇಕು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಆ ಡಬ್ಬಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಒಂದು ಕೊರತೆ. ಬ್ಲೂಟೂತ್ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ಆದ್ದರಿಂದ ಈಜುವಾಗ ಆ ಸೆನ್ಸರ್ ಯಾರಿಗೂ ಏನೂ ಕಳಿಸುವುದಿಲ್ಲ. ಎಲ್ಲವನ್ನೂ ತನ್ನಲ್ಲೇ ಬರೆದಿಟ್ಟುಕೊಳ್ಳುತ್ತದೆ. ನಾನು ಮೇಲೆ ಬಂದು, ತಲೆ ಒರೆಸಿಕೊಂಡು, ಅದನ್ನು ಬಿಚ್ಚಿ ನನ್ನ ಫೋನಿಗೆ ಕೊಟ್ಟರೆ ಮಾತ್ರ ಅದು ಮಾತಾಡುತ್ತದೆ. ಮೇಡಂಗೆ ತೋರಿಸಬೇಕೋ ಬೇಡವೋ ಎಂದು ತೀರ್ಮಾನಿಸಿದವಳು ನಾನು. ಅಂಕಿ ಯಾರ ಮೈಯದೋ ಅವರ ಕೈಗೆ ಮೊದಲು ಬಂತು. ಅಂತರರಾಷ್ಟ್ರೀಯ ಈಜು ಸಂಸ್ಥೆಯ ನಿಯಮದಲ್ಲೂ ಸ್ಪರ್ಧೆಯ ವೇಳೆ ಇಂಥ ಸಾಧನ ಮಾಹಿತಿ ಸಂಗ್ರಹಿಸಬಹುದು, ಈಜುತ್ತಿರುವವರಿಗೆ ಸೂಚನೆ ಕೊಡುವಂತಿಲ್ಲ ಎಂದಿದೆ. ನನಗೆ ಅದು ಸರಿಯಾದ ಗೆರೆ ಅನಿಸುತ್ತದೆ.

ನೀರಿನಿಂದ ಮೇಲೆ ಬಂದ ಮೇಲೆ ಜಾಗ್ರತೆ ನಮ್ಮದು. ವ್ಯಾಯಾಮದ ಅನೇಕ ಆ್ಯಪ್‌ಗಳು ಮಾಹಿತಿಯನ್ನು ಕಂಪೆನಿಯ ಸರ್ವರ್‌ಗೆ ಕಳಿಸುತ್ತವೆ. ಸ್ಟ್ರಾವಾ ಎಂಬ ಆ್ಯಪ್ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಸೇರಿಸಿ ಒಂದು ಜಾಗತಿಕ ನಕ್ಷೆ ಹೊರತಂದಿತ್ತು, ಯಾರ ಹೆಸರೂ ಇಲ್ಲದೆ. 2018ರ ಜನವರಿಯಲ್ಲಿ ನೋಡಿದವರಿಗೆ ಮರುಭೂಮಿಯ ನಡುವಿನ ಸೇನಾ ನೆಲೆಗಳು ಅದರಲ್ಲಿ ಹೊಳೆಯುತ್ತಾ ಕಂಡವು. ಸೈನಿಕರು ಬೆಳಿಗ್ಗೆ ಜಾಗಿಂಗ್ ಮಾಡಿದ್ದರು, ಅಷ್ಟೇ ತಪ್ಪು. ನಾವು ಯಾವ ದಿನ ಕೊಳಕ್ಕೆ ಬರಲಿಲ್ಲ, ಯಾವ ದಿನ ಸುಸ್ತಾಗಿದ್ದೆವು ಎಂಬುದೆಲ್ಲ ಇಂಥ ಲೆಕ್ಕದಲ್ಲಿ ಇರುತ್ತದೆ. ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಅಳತೆಗೋಲನ್ನು ಸುತ್ತೋಲೆಯ ಮೊದಲ ಎರಡು ವಿಷಯಗಳಿಗೆ ಇಟ್ಟು ನೋಡೋಣ. ದೀಪ, ಫ್ಯಾನಿಗೆ ಹಾಕುವ ಸೆನ್ಸರ್ ಮೈಯಿಂದ ಬರುವ ಶಾಖದ ಕಿರಣ ಅಲುಗಾಡಿದ್ದನ್ನು ಮಾತ್ರ ಗುರುತಿಸುತ್ತದೆ. ಬಂದವರು ಪ್ರಿನ್ಸಿಪಾಲರೋ ಬೆಕ್ಕೋ ಅದಕ್ಕೆ ಗೊತ್ತಾಗದು. (ಒಂದು ಎಚ್ಚರಿಕೆ: ಅಲುಗಾಡದೆ ಓದುವವರನ್ನು ಅದು ಇಲ್ಲವೇ ಇಲ್ಲ ಎಂದು ತಿಳಿದು ದೀಪ ಆರಿಸುತ್ತದೆ. ಗ್ರಂಥಾಲಯದಲ್ಲಿ ಆಗಾಗ ಕೈ ಬೀಸುವ ವ್ಯಾಯಾಮ ಮಾಡಬೇಕಾದೀತು.) ಇದಕ್ಕೆ ನನ್ನ ಪೂರ್ಣ ಒಪ್ಪಿಗೆ. ಇದರ ಜೊತೆಗೆ ಇಂಗಾಲದ ಡೈಆಕ್ಸೈಡ್ ಅಳೆಯುವ ಒಂದು ಸೆನ್ಸರನ್ನೂ ಪ್ರತಿ ಕ್ಲಾಸಿಗೆ ಹಾಕಿ ಎಂದು ಕೇಳುತ್ತೇನೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ. ಮಳೆ ಎಂದು ಕಿಟಕಿ ಮುಚ್ಚಿ ಇಷ್ಟು ಜನ ಕುಳಿತ ಕೋಣೆಯಲ್ಲಿ 1000 ದಾಟುವುದು ಕಷ್ಟವೇ ಅಲ್ಲ. ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ತೂಕಡಿಕೆ ಬರುವುದು ಪಾಠದ ತಪ್ಪೋ, ಬಿರಿಯಾನಿಯ ತಪ್ಪೋ, ಗಾಳಿಯ ತಪ್ಪೋ ಎಂದು ಆಗ ಉಪನ್ಯಾಸಕರಿಗೂ ನಮಗೂ ಒಟ್ಟಿಗೇ ತಿಳಿಯುತ್ತದೆ. ಅಂಕಿ ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತದೆ, ಕಿಟಕಿ ತೆರೆಯುವುದು ನಮ್ಮ ಕೈಯಲ್ಲೇ ಇದೆ.

ಚಿಪ್ ಇರುವ ಗುರುತಿನ ಚೀಟಿ ಹಾಗಲ್ಲ. ಅದು ಹೊಸ ಯೋಚನೆಯೂ ಅಲ್ಲ. 1990ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಆಲಿವೆಟ್ಟಿ ಸಂಶೋಧನಾಲಯದಲ್ಲಿ ‘ಆ್ಯಕ್ಟಿವ್ ಬ್ಯಾಡ್ಜ್’ ಎಂಬುದನ್ನು ಮಾಡಿದ್ದರು. ಸಿಬ್ಬಂದಿ ಎದೆಗೆ ಸಿಕ್ಕಿಸಿಕೊಂಡ ಬ್ಯಾಡ್ಜ್ 15 ಸೆಕೆಂಡಿಗೊಮ್ಮೆ ಅವಕೆಂಪು ಕಿರಣದ ಸಂಕೇತ ಕಳಿಸುತ್ತಿತ್ತು. ಯಾರು ಯಾವ ಕೋಣೆಯಲ್ಲಿದ್ದಾರೆ ಎಂದು ತಿಳಿದು ಅವರ ಫೋನ್ ಕರೆಯನ್ನು ಅಲ್ಲಿಗೇ ಕಳಿಸುವುದು ಉದ್ದೇಶ. ಮೊಬೈಲ್ ಇಲ್ಲದ ಕಾಲದಲ್ಲಿ ನಿಜಕ್ಕೂ ಉಪಕಾರ. ಅದೇ ಕಾಲಕ್ಕೆ, 1991ರಲ್ಲಿ, ಮಾರ್ಕ್ ವೈಸರ್ ಎಂಬ ವಿಜ್ಞಾನಿ ಮುಂದೆ ಕಂಪ್ಯೂಟರುಗಳು ಗೋಡೆ, ಮೇಜುಗಳೊಳಗೆ ಸೇರಿ ಕಣ್ಣಿಗೆ ಕಾಣದಂತಾಗುತ್ತವೆ ಎಂದು ಬರೆದರು. ಇಂದು ‘ಸ್ಮಾರ್ಟ್’ ಎಂದು ಮಾರುವ ಕೋಣೆಗಳ ಮೂಲ ಅಲ್ಲಿದೆ. ಈ ಬ್ಯಾಡ್ಜಿನ ಇನ್ನೊಂದು ಮುಖವೂ ಅಂದೇ ಚರ್ಚೆಗೆ ಬಂತು. ಫೋನ್ ಕಳಿಸಲು ತಿಳಿದುಕೊಂಡದ್ದನ್ನೇ ಇಟ್ಟುಕೊಂಡು, ಮೇಲಧಿಕಾರಿ ಯಾರು ಎಷ್ಟು ಹೊತ್ತು ಚಹಾ ಕುಡಿದರು ಎಂದೂ ನೋಡಬಹುದಲ್ಲ.

ಒಬ್ಬೊಬ್ಬರಿಗೂ ತಕ್ಕಂತೆ ಜಾಗ ಹೊಂದಿಸಬೇಕಾದರೆ ಆ ಜಾಗಕ್ಕೆ ಒಬ್ಬೊಬ್ಬರೂ ಗೊತ್ತಿರಬೇಕು. ಅನುಕೂಲ ಎಂದು ಹೇಳುವವರು ಈ ಬೆಲೆಯನ್ನೂ ಹೇಳಬೇಕು. ಮೂಲೆಯ ಮೇಜಿನಲ್ಲಿ ಫ್ಯಾನ್ ನಿಧಾನ ಇರಬೇಕು ಎಂದರೆ ಅಲ್ಲೊಂದು ರೆಗ್ಯುಲೇಟರ್ ಇಟ್ಟರೆ ಸಾಕು, ನಾನೇ ತಿರುಗಿಸಿಕೊಳ್ಳುತ್ತೇನೆ. ಅದಕ್ಕಾಗಿ ನಾನು ಎಷ್ಟು ಹೊತ್ತು ಯಾವ ಗೆಳತಿಯ ಪಕ್ಕ ಕುಳಿತಿದ್ದೆ, ಎಷ್ಟು ಸಲ ಕೌನ್ಸೆಲಿಂಗ್ ಕೋಣೆಗೆ ಹೋದೆ, ನಮಾಝಿಗೆ ಹೋಗಿದ್ದೆನೋ ಇಲ್ಲವೋ ಎಂಬುದು ಆಫೀಸಿನ ಪರದೆಯ ಮೇಲೆ ಇರಬೇಕೇ? ಅಷ್ಟು ಮಾಡಿದರೂ ಸಿಗುವ ಮಾಹಿತಿ ಎಂಥದ್ದು? ಗ್ರಂಥಾಲಯದಲ್ಲಿ ಮೂರು ಗಂಟೆ ಎಂದಿರುತ್ತದೆ. ಓದಿದಳೋ, ಮೇಜಿಗೆ ತಲೆಯಿಟ್ಟು ಮಲಗಿದಳೋ ಚಿಪ್ಪಿಗೆ ಗೊತ್ತಿಲ್ಲ. ಚೀಟಿಯನ್ನು ಗೆಳೆಯನ ಜೇಬಿಗೆ ಹಾಕಿ ಬೀಚಿಗೆ ಹೋಗುವ ಮಹನೀಯರು ನಮ್ಮಲ್ಲಿ ಎಷ್ಟಿದ್ದಾರೆ ಎಂದು ನಾನು ಇಲ್ಲಿ ಬರೆಯುವುದಿಲ್ಲ.

ತಪ್ಪು ಮಾಡದವರಿಗೆ ಭಯ ಏಕೆ ಎಂದು ಕೇಳುವವರಿದ್ದಾರೆ. ಮಗಳು ಎಲ್ಲಿದ್ದಾಳೆ ಎಂದು ತಿಳಿದರೆ ಮನೆಯವರಿಗೆ ಸಮಾಧಾನ ಎನ್ನುವವರೂ ಇದ್ದಾರೆ. ಎರಡನೆಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಉಮ್ಮ ಬಸ್ಸು ತಡವಾದರೆ ಗೇಟಿನ ಹತ್ತಿರ ನಿಲ್ಲುತ್ತಾರೆ. ಆದರೆ ಅವರು ಕೇಳುವುದು ನನ್ನನ್ನು. ಇನ್ನೊಬ್ಬರ ಮನೆಗೆ ಹೋದಾಗ ಬಾಗಿಲಲ್ಲಿ ಸಲಾಂ ಹೇಳಿ, ಒಳಗಿನಿಂದ ಅನುಮತಿ ಸಿಕ್ಕ ಮೇಲೆಯೇ ಹೆಜ್ಜೆ ಇಡಬೇಕು ಎಂದು ನಮಗೆ ಕಲಿಸಿದವರೂ ಅವರೇ. ಕೇಳದೆ ಒಳಗೆ ಬರುವ ಯಂತ್ರಕ್ಕೆ ಈ ಅದಬು ಬೇಡವೇ?

ಕಾನೂನೂ ಇದೇ ದಿಕ್ಕಿನಲ್ಲಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಅಂದರೆ ನಮ್ಮಲ್ಲಿ ಬಹುಪಾಲು. ಮಕ್ಕಳ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಅವರ ಚಲನವಲನದ ಬೆನ್ನು ಹತ್ತಬಾರದು ಎಂದು ಅದರಲ್ಲಿದೆ. ಶಿಕ್ಷಣ ಸಂಸ್ಥೆಗಳಿಗೆ ಪಾಠ ಮತ್ತು ಸುರಕ್ಷತೆಯ ಹೆಸರಿನಲ್ಲಿ ಒಂದಿಷ್ಟು ವಿನಾಯಿತಿ ಇದೆ. ವಿನಾಯಿತಿ ಇದೆ ಎಂದ ಮಾತ್ರಕ್ಕೆ ಅದನ್ನು ಬಳಸಲೇಬೇಕು ಎಂದೇನೂ ಇಲ್ಲ. ಉಪನ್ಯಾಸಕರಲ್ಲೂ ಒಂದು ವಿನಂತಿ: ಚೀಟಿ ನಿಮ್ಮ ಕುತ್ತಿಗೆಯಲ್ಲೂ ಇದೆ. ನಿಮ್ಮ ಅಭಿಪ್ರಾಯವನ್ನೂ ಬರೆದು ಕೊಡಿ.

ನಾನು ಬರೆದು ಕೊಟ್ಟದ್ದು ಇಷ್ಟು. ಚಿಪ್ ಚೀಟಿಗೆ ಎಣಿಸಿರುವ ಹಣವನ್ನು ಈಜಿಗೆ ತಿರುಗಿಸಿ. ಊರಿನ ಈಜುಕೊಳದಲ್ಲಿ ವಾರಕ್ಕೆ ಎರಡು ಗಂಟೆ ನಮ್ಮ ಹುಡುಗಿಯರಿಗಾಗಿ ಬಾಡಿಗೆಗೆ ಕೇಳಿ, ಹುಡುಗರಿಗೂ ಬೇರೆ ಎರಡು ಗಂಟೆ. ಕಲಿಸಲು ಒಬ್ಬರಲ್ಲ, ಇಬ್ಬರು ಮೇಡಂ ಇರಲಿ. ದಡದಲ್ಲಿ ಕಾವಲಿಗೆ ಒಬ್ಬರು ಇರಲೇಬೇಕು, ಏಕೆಂದರೆ ಸ್ಟ್ರೋಕ್ ಎಣಿಸುವ ಗಡಿಯಾರ ಮುಳುಗುವವರನ್ನು ಎತ್ತುವುದಿಲ್ಲ. ಮೊದಲ ತಿಂಗಳು ಸೆನ್ಸರೇ ಬೇಡ, ತೇಲಲು ಬಂದ ಮೇಲೆ ಸಾಕು. ಕೊಳದ ಅಂಗಳದಲ್ಲಿ ಫೋನ್ ಕ್ಯಾಮೆರಾ ನಿಷೇಧ. ಸೆನ್ಸರಿನ ಅಂಕಿ ಕಟ್ಟಿಕೊಂಡವಳ ಫೋನಿಗೆ ಮಾತ್ರ, ಕಾಲೇಜಿನ ಯಾವ ಕಂಪ್ಯೂಟರಿಗೂ ಅಲ್ಲ.

ನಾಲ್ಕು ಸೆನ್ಸರ್ ಹೊರಗಿನಿಂದ ಕೊಳ್ಳುವ ಅಗತ್ಯವೂ ಇಲ್ಲ ಎಂದು ನನಗೆ ಅನಿಸುತ್ತದೆ. ಫಿಸಿಕ್ಸ್ ಲ್ಯಾಬಿನಲ್ಲಿ ಸರ್ ಅನುಮತಿ ಪಡೆದು ನಾವು ಐದು ಮಂದಿ ಒಂದನ್ನು ಜೋಡಿಸಿದ್ದೇವೆ. ಸರ್ಕ್ಯೂಟ್ ಸರಿ ಇದೆ, ಡಬ್ಬಿ ಮಾತ್ರ ಸೋರುತ್ತದೆ. ಕಳೆದ ಗುರುವಾರ ಟಿಫಿನ್ ಡಬ್ಬಿಯೊಂದರ ರಬ್ಬರ್ ಬಳೆ ತೆಗೆದು ಹಾಕಿದೆವು. ಅರ್ಧ ಗಂಟೆ ಬಕೆಟ್ಟಿನಲ್ಲಿ ಮುಳುಗಿಸಿಟ್ಟರೂ ಒಳಗಿನ ಟಿಶ್ಯೂ ಪೇಪರ್ ಒಣಗಿಯೇ ಇತ್ತು. ಹಿಂದಿನ ಬೆಂಚಿನವರು ಹೇಳಿದ ಬಕೆಟ್ ಅದೇ. ಅಭಿಪ್ರಾಯ ಕೊಡಲು ಈ ತಿಂಗಳ 30ರವರೆಗೆ ಸಮಯವಿದೆ, ಪೆಟ್ಟಿಗೆ ಆಫೀಸಿನ ಕಿಟಕಿಯ ಪಕ್ಕ ಇದೆ.